ನಾಲ್ಕು ಗಂಟೆಯ ದಾರಿ

ಅಂಗಳದಲ್ಲಿ ನಿಂತವನನ್ನು ಕಂಡು ಧನ್ಯಶ್ರೀಯ ಕೈಯಲ್ಲಿದ್ದ ಕೊಬ್ಬರಿ ಜಾರಿ ರಾಶಿಗೆ ಬಿತ್ತು.

ಗಂಗಾಧರ್! ನಿನ್ನೆ ತಾನೇ ಅವಳು ಬೇಡವೆಂದು ಬಿಟ್ಟ ಹುಡುಗ...

"ಮಾವ ಹೆಂಗವ್ರೆ?" ಎಂದ. ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ವಿಮಾನದಲ್ಲಿ ನಾಲ್ಕು ಗಂಟೆ ದಾರಿಗೆ ನಾಲ್ಕು ದಿನ ತಗೊಂಡೋರು ಈಗ್ಯಾಕೆ ಕೇಳ್ತೀರಿ?"

ಸಿಟ್ಟಿಗೆ ಕಾರಣವಿತ್ತು. ಅಪ್ಪ ಕರಿಯಪ್ಪ ಕೊಬ್ಬರಿ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡ ದಿನ ಅವಳು ಗಲ್ಫ್ ದೇಶದಲ್ಲಿ ಕೆಲಸಕ್ಕಿದ್ದ ಗಂಗಾಧರ್‌ಗೆ ಅಳುತ್ತಾ ಫೋನ್ ಮಾಡಿದ್ದಳು. ಬತ್ತೀನಿ ಬುಡು ಎಂದಿದ್ದ. ಮೊಬೈಲಿನಲ್ಲಿ ಹುಡುಕಿದಳು. ಮಸ್ಕತ್‌ನಿಂದ ಬೆಂಗಳೂರಿಗೆ ವಿಮಾನದಲ್ಲಿ ಹೆಚ್ಚುಕಡಿಮೆ ನಾಲ್ಕು ಗಂಟೆ. ಅಲ್ಲಿಂದ ಹಂದನಕೆರೆಗೆ ಇನ್ನೊಂದು ನಾಲ್ಕು ಗಂಟೆ. ಅವನಿಗೂ ಸೇರಿಸಿ ಮುದ್ದೆ ಮಾಡಿ ಕಾದಳು.

ಬರಲಿಲ್ಲ. ಮರುದಿನ ಫೋನೂ ಸಿಗಲಿಲ್ಲ. ರೇಗಿಹೋಗಿ ನಂಬರ್ ಬ್ಲಾಕ್ ಮಾಡಿದಳು. ಮೂರನೆಯ ದಿನ ನಿಶ್ಚಿತಾರ್ಥದ ಸೀರೆ ಹಿಡಿದು ಪಕ್ಕದ ಬೀದಿಯ ಅವನ ಮನೆಗೆ ಹೋದಳು. ಸುಳ್ಳುಗಾರನ ಸಹವಾಸ ಸಾಕೆಂದು, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗಲೇ, ಅವನ ತಾಯಿ ಚಿಕ್ಕಗೌರಮ್ಮನ ಮಡಿಲಿಗೆ ಸೀರೆ ಹಾಕಿ ಬಂದಳು. ಪಾಪ, ಆಕೆ ತಲೆ ತಗ್ಗಿಸಿದಳು.

"ಹೊರಗಿನೋರು ಯಾವೂರು ಅಂದ್ರೆ ನೀನು ಏನಂತೀಯ?" ಗಂಗಾಧರ್ ಮೆಲ್ಲಗೆ ಕೇಳಿದ.

"ತಿಪಟೂರು ಅಂತೀನಿ. ಹಂದನಕೆರೆ ಅಂದ್ರೆ ಯಾರಿಗೆ ಗೊತ್ತಾ..."



"ನಾನೂ ಹಂಗೇ ಮಸ್ಕತ್ ಅಂತಿದ್ದೆ ಕಣೇ."

ಅವನಿದ್ದದ್ದು ದೂರದ ಮರಳುಗಾಡಿನ ಕ್ಯಾಂಪಿನಲ್ಲಿ. ನೀರಿನ ಟ್ಯಾಂಕರ್ ಹತ್ತಿ ಹೈಮಾ ಎಂಬ ಪೇಟೆಗೆ ಬಂದು, ಬಸ್ಸಿಗೆ ಕಾದು, ಮಸ್ಕತ್ ಸೇರುವುದರಲ್ಲೇ ಎರಡು ದಿನ ಹೋಗಿತ್ತು. ಟಿಕೆಟ್ ಸಿಕ್ಕಿದ್ದು ಮೂರನೆಯ ದಿನ. ದಾರಿಯಲ್ಲಿ ಸಿಗ್ನಲ್ ಇರಲಿಲ್ಲ. ಮಸ್ಕತ್‌ಗೆ ಬಂದು ಹನ್ನೊಂದು ಸಲ ಫೋನ್ ಮಾಡಿದ್ದ; ಬ್ಲಾಕ್ ಆಗಿದ್ದರಿಂದ ಒಂದೂ ಅವಳಿಗೆ ತಲುಪಿರಲಿಲ್ಲ.

ಧನ್ಯಶ್ರೀಗೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ವರ್ಷವಿಡೀ ಮಾತಾಡಿದೆ... ಊಟ ಆಯ್ತಾ ಅಂದೆ, ಸೆಕೆ ಎಷ್ಟಿದೆ ಅಂದೆ. ಇವರಿರೋ ಜಾಗದ ಹೆಸರೇನು ಅಂತ ಒಂದು ದಿನ ಕೇಳಲಿಲ್ಲವಲ್ಲ! ನೆಂಟರ ಮುಂದೆ ಮಸ್ಕತ್ ಮಸ್ಕತ್ ಎಂದು ಮೆರೆಯುವುದೇ ಸಾಕಾಗಿತ್ತು ನನಗೆ. ಮುಖ ಮುಚ್ಚಿಕೊಳ್ಳಲು ಕೈ ಎತ್ತಿದರೆ ಅಂಗೈ ತುಂಬ ಕೊಬ್ಬರಿ ಎಣ್ಣೆ.

ಅವನು ಕವರಿನಿಂದ ಸೀರೆ ತೆಗೆದ. ಮನೆಗೆ ಹೋಗಿಯೇ ಬಂದಿದ್ದ, ಎಲ್ಲ ಕೇಳಿಸಿಕೊಂಡೇ ಬಂದಿದ್ದ.

"ಅವ್ವ ಕೊಟ್ಟು ಕಳ್ಸವ್ಳೆ. ತಗೋ."

ಅವಳು ಕೈ ಚಾಚಲಿಲ್ಲ.

"ಅತ್ತೆ ಕೈಗೇ ವಾಪಸ್ ಕೊಡಿ. ನಿನ್ನೆ ನೋಡಿದೋರೆಲ್ಲ ಇರುವಾಗ್ಲೇ ನಾನು ಬಂದು, ತಪ್ಪಾಯ್ತು ಅಂತ ಕೇಳಿ ಈಸ್ಕೊತೀನಿ."

"ಜನ ಆಡ್ಕೊತಾರೆ."

"ಆಡ್ಕೊಳ್ಲಿ. ನಿನ್ನೆ ಅತ್ತೆ ತಲೆ ತಗ್ಸಿದ್ರು. ಇವತ್ತು ನಾನು ತಗ್ಸಬೇಕು. ನೀವಿಲ್ದೆ ನನಗೆ ಆಗಲ್ಲ ಕಣ್ರೀ..."

ಗಂಗಾಧರ್ ಸೀರೆಯನ್ನು ಮತ್ತೆ ಕವರಿಗೆ ಹಾಕಿದ.

"ಇಲ್ಲಿಂದ ನಮ್ಮನೆಗೆ ಎಷ್ಟು ಹೊತ್ತಿನ ದಾರಿ?"

"ಐದು ನಿಮಿಷ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. "ನನ್ನ ಲೆಕ್ಕ ನಂಬಬ್ಯಾಡಿ. ಕಾಲೇ ಎದ್ದು ಬತ್ತಿಲ್ಲ."

"ಎಷ್ಟೊತ್ತಾದ್ರೂ ಆಗ್ಲಿ. ಜೊತೇಲೇ ನಡೆಯನ ಬಾ."