ಒಂದೇ ಪಾತ್ರೆಯ ಊಟ

ಗೋಪುವನ್ನು ನಾನು ಬೇರೆ ಕೂರಿಸಿದ ಮೊದಲ ದಿನವೇ ಅವನಪ್ಪ ಬಾಲವಾಡಿಗೆ ಬರಬೇಕೇ!

ನಮ್ಮ ಬಾಲವಾಡಿ ಪೆರಿಯನಾಯಕನಪಾಳ್ಯಂನಲ್ಲಿ, ಮಿಲ್ಲಿನ ಹಿಂದೆ. ಹಾಡು, ಕಥೆ ಹೇಳಿಕೊಡುವುದು ನಾಚಿಯಮ್ಮ ಟೀಚರ್. ಊಟ ಬಡಿಸುವುದು ನಾನು, ಮಕ್ಕಳ ವನಮಾಲಕ್ಕ. ಮೀನು, ಮಾಂಸ ತರಕೂಡದು ಎಂಬುದು ಒಂದು ಕಟ್ಟಳೆ. ಇನ್ನೊಂದು, ಮಕ್ಕಳು ತಂದ ಬುತ್ತಿಯನ್ನೆಲ್ಲ ಒಂದೇ ಪಾತ್ರೆಗೆ ಸುರಿದು, ಕಲಸಿ, ಎಲ್ಲರಿಗೂ ಹಂಚುವುದು. ಮಿಲ್ ಕೂಲಿಯವರ ಸಜ್ಜೆ ಅನ್ನ, ನಮ್ಮ ನೇಕಾರರ ಮನೆಯ ಹುಳಿಯನ್ನ, ವ್ಯಾಸರಾಯರ ಮನೆಯ ತುಪ್ಪದನ್ನ. ಕಲಸಿದ ಮೇಲೆ ಯಾರದು ಯಾವುದೆಂದು ಹೇಳಲಾಗದು.

ವ್ಯಾಸರಾಯರು ಮಿಲ್ಲಿನ ಎಲೆಕ್ಟ್ರಿಕಲ್ ಇಂಜಿನಿಯರ್. ಅವರ ಹೆಂಡತಿ ತೀರಿಕೊಂಡು ಎರಡು ವರ್ಷ. ನನ್ನ ಗಂಡ ತೀರಿಕೊಂಡು ಮೂರು. ಅವರ ಗೋಪು, ನನ್ನ ಮಗಳು ರಾಜಾಮಣಿ ಇಬ್ಬರಿಗೂ ನಾಲ್ಕು ವರ್ಷ.

ಕಂಬದ ಪಕ್ಕ ಒಂಟಿಯಾಗಿ ಕೂತು ತನ್ನ ಡಬ್ಬಿಯನ್ನೇ ನೋಡುತ್ತಿದ್ದ ಮಗನನ್ನು ಕಂಡು ಅವರ ಮುಖ ಕೆಂಪಾಯಿತು.

"ಯಾರು ಇವನನ್ನ ಬೇರೆ ಕೂರಿಸಿದ್ದು?"

"ನಾನೇ, ಸಾರ್."

"ಸ್ವಾತಂತ್ರ್ಯ ಬಂದು ಎಂಟು ವರ್ಷ ಆಯ್ತು. ಎಲ್ಲರ ಜತೆ ಉಂಡು ಬೆಳೀಲಿ ಅಂತಾನೇ ಇಲ್ಲಿಗೆ ಸೇರಿಸಿದೆ. ನೀವೇ ಹೀಗೆ ಮಾಡಿದ್ರೆ?"

"ನಿಮ್ಮ ತಾಯಿಯವರು ನಿನ್ನೆ ಬಂದು ಕೇಳಿದ್ರು, ಮಗು ಯಾರ ಜತೆ ಉಣ್ತಾನೆ ಅಂತ. ಬೇರೆ ಕೂತ್ಕೋತಾನೆ ಅಂದ್ಬಿಟ್ಟೆ. ಹೇಳಿದ ಸುಳ್ಳನ್ನ ನಿಜ ಮಾಡಬೇಕಲ್ಲ?"

"ಯಾಕೆ ಸುಳ್ಳು ಹೇಳಿದ್ರಿ?"

"ಕೊಯಮತ್ತೂರಲ್ಲಿ ವಕೀಲರ ಮಕ್ಕಳು ಹೋಗೋ ಇಂಗ್ಲಿಷ್ ನರ್ಸರಿಗೆ ಹಾಕ್ತೀವಿ ಅಂತಿದ್ರು. ಇಲ್ಲಿಂದ ಬಿಡಿಸಿಬಿಟ್ರೆ…"

"ಬಿಡಿಸಿದ್ರೆ ನಿಮಗೇನು?"

ನಾನು ತಲೆ ತಗ್ಗಿಸಿ ಸೌಟಿನಿಂದ ಅನ್ನ ಕಲಸತೊಡಗಿದೆ. ತಲೆ ಎತ್ತಿದಾಗ ಅವರ ಕೋಪ ಎಲ್ಲಿ ಹೋಗಿತ್ತೋ! ಏನನ್ನೋ ಕಂಡುಹಿಡಿದವರಂತೆ ನನ್ನನ್ನೇ ನೋಡುತ್ತಿದ್ದರು. ಮಗನನ್ನು ಎತ್ತಿ ತಂದು ರಾಜಾಮಣಿಯ ಪಕ್ಕ ಕೂರಿಸಿ ಹೋದರು.

ಮರುದಿನ ಮಧ್ಯಾಹ್ನ ಮತ್ತೆ ಬಂದರು. ಅದರ ಮರುದಿನವೂ.

"ವಾಂಗ ಸಾರ್, ಬನ್ನಿ," ಎಂದು ನಾಚಿಯಮ್ಮ ಸ್ಟೂಲ್ ಎಳೆದು ಹಾಕಿ, ನನ್ನನ್ನು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡರು.

"ವೈರಿಂಗ್ ನೋಡಿ ಹೋಗೋಣ ಅಂತ ಬಂದೆ," ಎಂದರು ವ್ಯಾಸರಾಯರು.

"ಇಲ್ಲಿ ಕರೆಂಟೇ ಇಲ್ವಲ್ಲ, ಸಾರ್!" ಎಂದೆ.

"ಇಲ್ಲ ಅಂತ ಖಚಿತ ಮಾಡ್ಕೋಬೇಕಲ್ಲ?"

"ದಿನಾ?"

"ದಿನಾ."

ಮೂರು ವರ್ಷದಲ್ಲಿ ನಾನು ಅಷ್ಟು ಗಟ್ಟಿಯಾಗಿ ನಕ್ಕಿರಲಿಲ್ಲ. ಒಂದು ದಿನ ಅವರೂ ಮಕ್ಕಳ ಸಾಲಿನಲ್ಲಿ ಕಾಲು ಮಡಚಿ ಕೂತು ಎಲೆ ಹಾಕಿಸಿಕೊಂಡರು. ಬಡಿಸುವಾಗ ನನ್ನ ಬಳೆ ಎರಡು ಸಲ ಪಾತ್ರೆಗೆ ತಾಗಿತು. "ನಿಧಾನ," ಎಂದರು, ನನಗೆ ಮಾತ್ರ ಕೇಳುವಂತೆ.

ತಪ್ಪಾಗಿದ್ದು ಅಲ್ಲೇ. ಆ ಸಂಜೆ ಗೋಪು ಮನೆಯಲ್ಲಿ ಸಾರು, ಪಲ್ಯ, ಪಾಯಸ, ಮೊಸರು ಎಲ್ಲವನ್ನೂ ತಟ್ಟೆಯಲ್ಲಿ ಕಲಸಿ, "ವನಮಾಲಕ್ಕ ಹೀಗೇ ಮಾಡೋದು. ಅಪ್ಪನೂ ಉಂಡ್ರು," ಎಂದನಂತೆ.

ಗೋಪುವಿನ ಅಜ್ಜಿ ಸುಂದರಮ್ಮ ಮಾರನೆಯ ದಿನವೇ ಬಂದರು. ಅವರು ಬೈದಿದ್ದರೆ ಎಷ್ಟೋ ಸುಲಭವಿತ್ತು.

"ಮಗು ಉಂಡಿದ್ದು ಹೋಗ್ಲಿ ಬಿಡಮ್ಮ," ಎಂದು ನನ್ನ ಪಕ್ಕದಲ್ಲೇ ಕೂತರು. "ನೀನು ಒಳ್ಳೆಯವಳು. ನನ್ನ ಸೊಸೆ ಹೋದ್ಮೇಲೆ ಗೋಪು ಮೈ ತುಂಬ್ಕೊಂಡಿದ್ದೇ ನಿನ್ನಿಂದ. ಆದ್ರೆ ನನ್ನ ಮಗನೂ ದಿನಾ ಇಲ್ಲಿಗೆ ಬಂದ್ರೆ ಜನ ಆಡ್ಕೋತಾರೆ. ನನಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳ ಮದುವೆ ಇದೆ. ನೀನೂ ಹೆಣ್ಣು ಹೆತ್ತವಳು."

ನಮ್ಮ ದೇವಾಂಗರ ಬೀದಿಗೂ ಸುದ್ದಿ ಮುಟ್ಟಿತ್ತು. ಮಗ್ಗದ ಗುಂಡಿಯಿಂದ ಮೇಲೇಳದೆಯೇ ನನ್ನ ಮಾವ ಹೇಳಿದ್ದರು: "ನೀ ಬೇಕಾದ್ರೆ ಎಲ್ಲಿಗಾದ್ರೂ ಹೋಗು ತಾಯಿ, ತಡೆಯಲ್ಲ. ರಾಜಾಮಣಿ ನನ್ನ ಮಗನ ಕೂಸು. ಅವಳು ಈ ಮನೇಲೇ ಇರ್ತಾಳೆ."

ಶನಿವಾರ ವ್ಯಾಸರಾಯರು ಬಂದಾಗ ಮಕ್ಕಳು ಮಲಗಿದ್ದರು.

"ಅಮ್ಮನಿಗೆ ಹೇಳಿದೀನಿ. ಗೋಪು ಇಲ್ಲೇ ಓದಲಿ. ಆ ನರ್ಸರೀಲಿ ಎಲ್ಲರೂ ಒಂದೇ ತರದವರು. ಪ್ರಪಂಚ ಅಷ್ಟೇ ಅಂದ್ಕೊಂಡು ಬೆಳೀತಾನೆ." ಸ್ಟೂಲನ್ನು ನನ್ನ ಕಡೆಗೆ ಎಳೆದುಕೊಂಡರು. "ಇನ್ನೊಂದು ಮಾತೂ ಹೇಳಿದೆ. ನೀವು ಹೂಂ ಅಂದ್ರೆ ರಿಜಿಸ್ಟ್ರಾರ್ ಆಫೀಸಲ್ಲಿ…"

"ಗೋಪುನ್ನ ಕೊಯಮತ್ತೂರಿಗೆ ಹಾಕಿ, ಸಾರ್."

"ನೀವಾ ಇದನ್ನ ಹೇಳೋದು?"

"ಅವನು ಇಲ್ಲಿದ್ರೆ ನೀವು ಬರ್ತೀರಿ. ನೀವು ಬಂದ್ರೆ ಒಂದಲ್ಲ ಒಂದು ದಿನ ನಾನು ಹೂಂ ಅಂದ್ಬಿಡ್ತೀನಿ." ಮಲಗಿದ್ದ ಮಗಳ ಹೊದಿಕೆ ಸರಿಪಡಿಸಿದೆ. "ಅಂದ್ರೆ ರಾಜಾಮಣಿ ನನ್ನ ಕೈ ತಪ್ಪಿಹೋಗ್ತಾಳೆ. ತಾಯಿ ಇಲ್ಲದ ಮಗು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ?"

ಅವರು ಮಲಗಿದ್ದ ಗೋಪುವಿನ ತಲೆ ಸವರಿದರು.

"ಇಷ್ಟ ಇಲ್ಲ ಅಂತಲ್ವಲ್ಲ?"

"ಅಲ್ಲ," ಎಂದೆ. "ಅದೊಂದು ಮಾತ್ರ ಅಲ್ಲ."

ಸೋಮವಾರ ಬೆಳಿಗ್ಗೆ ಮೇಟ್ಟುಪಾಳ್ಯಂ ರಸ್ತೆಯಲ್ಲಿ ಅಪ್ಪ, ಮಗ ಇಬ್ಬರೂ ಕೊಯಮತ್ತೂರಿನ ಬಸ್ಸಿಗೆ ನಿಂತಿದ್ದರು. ಗೋಪುವಿಗೆ ಹೊಸ ಬೂಟು, ಕ್ರಾಪು. ಬಾಲವಾಡಿಗೆ ಹೋಗುತ್ತಿದ್ದ ನನ್ನನ್ನು ಕಂಡದ್ದೇ ಓಡಿಬಂದು ನನ್ನ ಸೆರಗನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡ.

"ನಾ ಹೋಗಲ್ಲ! ರಾಜಾಮಣಿನೂ ಬರ್ಲಿ!"

ಬಸ್ಸು ಬಂದಿತು. ಕಂಡಕ್ಟರ್ ಕೂಗಿಕೊಂಡ. ನಾನು ಬಗ್ಗಿ ಅವನ ಬೆರಳುಗಳನ್ನು ಬಿಡಿಸತೊಡಗಿದೆ. ಒಂದನ್ನು ಬಿಡಿಸಿದರೆ ಇನ್ನೊಂದು ಹಿಡಿಯುತ್ತಿತ್ತು. ವ್ಯಾಸರಾಯರೂ ಬಗ್ಗಿದರು. ಅವರ ಕೈ ನನ್ನ ಕೈಮೇಲೆ ಬಂತು. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಾಲ್ಕು ವರ್ಷದ ಮಗುವಿನ ಹಿಡಿತ ಎಷ್ಟಿದ್ದೀತು? ಆದರೂ ನಮಗಿಬ್ಬರಿಗೂ ಅದನ್ನು ಬಿಡಿಸಲು ಬಹಳ ಹೊತ್ತು ಹಿಡಿಯಿತು.