ಪಂಪು ಕೇಳಿದ ಐದು ಅಂಕಿ

ಪೆಟ್ರೋಲ್ ಪಂಪಿನ ನಳಿಗೆ ನೇರ ನನ್ನ ಎದೆಗೆ ಗುರಿಯಿಟ್ಟಿತ್ತು.

ಅವನ ಇನ್ನೊಂದು ಕೈಯಲ್ಲಿ ಲೈಟರ್!

"ಹೆಜ್ಜೆ ಮುಂದಿಟ್ರೆ ಸ್ನಾನ ಮಾಡಿಸಿ ಬೆಂಕಿ ಹಚ್ತೀನಿ, ಮುದುಕಾ!"

ಮುದುಕ! ಕೆಬೆಕ್‌ನ ಹಿಮದಲ್ಲಿ ಹೂತ ಲಾರಿಗಳನ್ನು ಎಳೆದ ಕೈ ನನ್ನದು. ಈಗ ಚಳಿಗಾಲಕ್ಕೆ ಫ್ಲೋರಿಡಾಕ್ಕೆ ಇಳಿದುಬರುವ ನಮ್ಮ ಕೆನಡಾದವರ ತಾಪತ್ರಯ ಬಗೆಹರಿಸುವುದೇ ನನ್ನ ಕಸುಬು.

ಇವತ್ತಿನ ತಾಪತ್ರಯ ಸೊಲಾಂಜ್ ಅಕ್ಕನದು. ಎಸಿ ಆರದಿರಲಿ ಎಂದು ಕಾರನ್ನು ಚಾಲೂ ಬಿಟ್ಟು, ಚಿಲ್ಲರೆ ಹಿಡಿದು ಕಿತ್ತಳೆ ಕೊಳ್ಳಲು ಇಳಿದಿದ್ದಳು. ತಿರುಗಿ ನೋಡಿದರೆ... ಕಾರಿಲ್ಲ! ನನ್ನ ಬಾಗಿಲಿಗೆ ಓಡಿಬಂದಳು.

"ಕಾರು ಹಾಳಾಗ್ಲಿ ಎವಾರಿಸ್ಟ್! ಹಿಂದಿನ ಸೀಟಲ್ಲಿ ನನ್ನ ಗಂಡ ಮಲಗಿದಾನೆ ಕಣೋ!"

ಒನೇಸಿಮ್ ಭಾವ ಕಿವಿಯ ಮೆಷಿನ್ ತೆಗೆದು ಕಂಬಳಿ ಹೊದ್ದರೆ ಮುಗಿಯಿತು. ಬಾಂಬು ಬಿದ್ದರೂ ಏಳುವುದಿಲ್ಲ. ಕಳ್ಳ ನೋಡಿರಲಿಕ್ಕಿಲ್ಲ. ನೋಡಿದರೆ? ಯಾವ ಮೊಸಳೆ ಮಡುವಿನ ಪಕ್ಕ ತಳ್ಳಿ ಹೋಗುತ್ತಾನೋ!

"ಪೆಟ್ರೋಲ್ ಎಷ್ಟಿತ್ತು?"

"ಕೆಂಪು ದೀಪ ಹತ್ತಿತ್ತು."

"ಕಾರ್ಡು?"

"ಪರ್ಸು ಕಾರಲ್ಲೇ..."

"ಹಾಗಾದ್ರೆ ಸಿಕ್ಕಿಬಿದ್ದ! ಗಾಡಿ ಹತ್ತು!"

ಕೆಟ್ಟ ಗಾಡಿ ಎಳೆಯುವ ನನ್ನ ಲಾರಿ ಎರಡು ಸಿಗ್ನಲ್ ಹಾರಿತು. ಹೆದ್ದಾರಿಯ ಮೊದಲ ಬಂಕಿನಲ್ಲೇ ಅಕ್ಕನ ಕಾರು! ಪಂಪಿಗೆ ಕಾರ್ಡು ಉಜ್ಜಿ ಉಜ್ಜಿ ಬೆವರುತ್ತಿದ್ದ ಈ ಪುಣ್ಯಾತ್ಮ, ನಮ್ಮನ್ನು ಕಂಡದ್ದೇ ನಳಿಗೆ ಎತ್ತಿದ್ದ!

ನಾನು ಹೆಜ್ಜೆ ಮುಂದಿಟ್ಟೆ.

"ಒತ್ತೋ! ಒಂದು ತೊಟ್ಟು ಬಂದ್ರೆ ನನ್ನ ಹೆಸರು ಬದಲಾಯಿಸು."

ಒತ್ತಿದ. ಬರಲಿಲ್ಲ.

"ಪಂಪು ನಿನ್ನ ಹತ್ರ ಕಾರ್ಡಿನವರ ಊರಿನ ಪಿನ್‌ಕೋಡ್ ಕೇಳ್ತಲ್ವಾ? ಐದು ಅಂಕಿ?"

"ಊರಲ್ಲಿರೋದೆಲ್ಲ ಹಾಕಿದೆ!"

"ಕಾರ್ಡು ಕೆನಡಾದು ಕಣೋ, ಕತ್ತೆ! ನಮ್ಮ ಪಿನ್‌ಕೋಡಲ್ಲಿ ಅರ್ಧ ಅಕ್ಷರ. ಅಕ್ಷರ ಬಿಟ್ಟು, ಉಳಿದ ಮೂರು ಅಂಕಿ ಒತ್ತಿ, ಹಿಂದೆ ಎರಡು ಸೊನ್ನೆ ಹಾಕ್ಬೇಕು. ನಮ್ಮ ಅಜ್ಜಿಯರಿಗೂ ಗೊತ್ತು!"

ಲೈಟರ್ ಕಿಡಿ ಹಾರಿಸಿತು. ಅಷ್ಟರಲ್ಲಿ...

ಧಡಾರ್!

ಕಾರಿನ ಹಿಂಬಾಗಿಲು ತೆರೆದು ಅವನ ಸೊಂಟಕ್ಕೇ ಬಡಿಯಿತು! ಲೈಟರ್ ಒಂದು ಕಡೆ, ಅವನೊಂದು ಕಡೆ! ನಾನು ಅವನ ಕುತ್ತಿಗೆ ಹಿಡಿದು ನೆಲಕ್ಕೆ ಒತ್ತಿದೆ.

ಕಂಬಳಿ ಹೊದ್ದೇ ಇಳಿದ ಭಾವ ಸುತ್ತ ನೋಡಿದ.

"ಸೊಲಾಂಜ್, ಮನೆ ಬಂತಾ?"

ಅಕ್ಕ ಅವನನ್ನು ತಬ್ಬಿಕೊಂಡಳು. ಆಮೇಲೆ ತಲೆಗೊಂದು ಬಿಟ್ಟಳು.

ಭಾವನ ಕೆನ್ನೆ ಕೆಂಪೇರಿತ್ತು, ಎಸಿ ಆರಿಹೋಗಿತ್ತು. ಮೊದಲು ಪೆಟ್ರೋಲ್! ನಾನೇ ಕಾರ್ಡು ಹಾಕಿ, ಸರಿಯಾದ ಅಂಕಿ ಒತ್ತಿದೆ. ಪಂಪು ಒಲ್ಲೆ ಎಂದಿತು! ನನ್ನ ಜೇಬು? ಖಾಲಿ. ಲಾರಿ ಹತ್ತುವ ಗಡಿಬಿಡಿಯಲ್ಲಿ ಪರ್ಸು ಮರೆತಿದ್ದೆ.

ಅಕ್ಕ ಬ್ಯಾಂಕಿಗೆ ಫೋನ್ ಮಾಡಿದಳು. ಸ್ಪೀಕರಿನಲ್ಲಿ ಹುಡುಗಿಯ ಜೇನಿನಂಥ ದನಿ.

"ನಿಮ್ಮ ಒಳ್ಳೇದಕ್ಕೇ ಕಾರ್ಡ್ ನಿಲ್ಲಿಸಿದೀವಿ, ಮೇಡಂ. ಫ್ಲೋರಿಡಾದಲ್ಲಿ ಯಾರೋ ಉಪಯೋಗಿಸ್ತಾ ಇದಾರೆ."

"ನಾನೇ ಫ್ಲೋರಿಡಾದಲ್ಲಿದೀನಿ ಕಣಮ್ಮಾ!"

"ಅದೇ ನಮ್ಮ ಅನುಮಾನ, ಮೇಡಂ."

ಫೋನ್ ಕಟ್!

ನಾನು ಕಳ್ಳನ ಜೇಬಿಗೆ ಕೈ ಹಾಕಿದೆ. ಗರಿಗರಿ ಡಾಲರ್ ನೋಟು!

"ಇಷ್ಟಿಟ್ಕೊಂಡು ಕಾರ್ಡ್ ಯಾಕೋ ಉಜ್ಜಿದೆ?"

"ಕದ್ದ ಕಾರಿಗೆ ಸ್ವಂತ ದುಡ್ಡಾ, ಸಾರ್?" ಅವನ ಮುಖದಲ್ಲಿ ನಿಜವಾದ ನೋವಿತ್ತು.

ಪೊಲೀಸರು ಬರುವಷ್ಟರಲ್ಲಿ ಟ್ಯಾಂಕ್ ತುಂಬಿಸಿದ್ದೆ.

ಸೊಲಾಂಜ್ ಅಕ್ಕ ಮದುವೆಯಾದಂದಿನಿಂದ ದುಡ್ಡಿಟ್ಟ ಬ್ಯಾಂಕು ಕೈ ಎತ್ತಿತ್ತು... ಪೆಟ್ರೋಲಿಗೆ ದುಡ್ಡು ಕೊಟ್ಟವನು ಕಳ್ಳ ಒಬ್ಬನೇ!