ಚಂದ್ರನ ಮೇಲೊಂದು ಒಕ್ಕಣ್ಣು

ಚಂದ್ರನ ಮುಖದ ಮೇಲೆ ಏನೋ ಹಾದುಹೋಯಿತು.

ದಲ್ಲೆ ದುರ್ಬೀನಿನಿಂದ ಕಣ್ಣು ಕಿತ್ತಳು. ಗಲ್‌ಸಾನ್ ದ್ವೀಪದ ಚಳಿಯೆಂದರೆ ಹುಡುಗಾಟವಲ್ಲ; ಅಲ್ಲಿ ಮಾಗಿಯಲ್ಲಿ ಆಡಿದ ಮಾತು ಬಾಯಿಂದ ಬೀಳುತ್ತಲೇ ಗಡ್ಡೆಕಟ್ಟಿ, ವಸಂತದಲ್ಲಿ ಕರಗಿದ ಮೇಲಷ್ಟೇ ಕೇಳಿಸುತ್ತದೆ. ಅಂಥ ಚಳಿಯಲ್ಲೂ ಅವಳ ಬೆನ್ನು ಬೆವೆತಿತ್ತು.

ಮತ್ತೆ ಕಣ್ಣಿಟ್ಟಳು. ಅದು ಅಲ್ಲೇ ಇತ್ತು... ಕಪ್ಪಗೆ, ಚೌಕಾಕಾರ. ನಟ್ಟನಡುವೆ ದುಂಡನೆಯ ತೂತು. ಆ ತೂತಿನಲ್ಲಿ ಚಂದ್ರನ ಬೆಳಕು ತುಂಬಿ, ಒಕ್ಕಣ್ಣಿನ ಜೀವವೊಂದು ಕೆಳಗೆ ಯಾರನ್ನೋ ಹುಡುಕುತ್ತಿರುವ ಹಾಗೆ. ಮರುಕ್ಷಣ ಹೊರಳಿ, ಗೆರೆಯಷ್ಟು ತೆಳ್ಳಗಾಗಿ, ಕತ್ತಲೆಗೆ ಜಾರಿತು.

ಶಾಲೆಗೆ ಆ ವಾರವಷ್ಟೇ ಬಂದ ದುರ್ಬೀನು ಅದು. ದ್ವೀಪದ ಏಕೈಕ ಟೀಚರ್ ದಲ್ಲೆ ಅದನ್ನು ಅಂಗಳದಲ್ಲಿ ನಿಲ್ಲಿಸಿ ಪರೀಕ್ಷಿಸುತ್ತಿದ್ದಳು. ಪಕ್ಕದಲ್ಲಿ ಅವಳ ಮನೆಯೊಡತಿ ಮೊಕ್‌ಪೊ ಅಜ್ಜಿ. ಮೂವರು ಗಂಡಂದಿರನ್ನೂ ಏಳು ಚಂಡಮಾರುತಗಳನ್ನೂ ಗದರಿಸಿಯೇ ಸಾಗಹಾಕಿದ ಗಟ್ಟಿಗಿತ್ತಿ. ಅದು ಮತ್ತೆ ಚಂದ್ರನ ಮೇಲೆ ಬಂದಾಗ ಆಕೆಯೂ ಒಮ್ಮೆ ಇಣುಕಿದಳು. ಇಣುಕಿದವಳು ಹಾಗೇ ನೆಲಕ್ಕೆ ಕುಸಿದಳು.

"ಮುಚ್ಚೇ ಅದನ್ನ. ಹುಣ್ಣಿಮೆ ಕಳೆದ ಮೇಲೆ ಗಾಳಿಪಟ ಹಾರಿಸೋ ಮನುಷ್ಯ ಈ ದ್ವೀಪದಲ್ಲಿ ಹುಟ್ಟಿಲ್ಲ. ಅದು ಮನುಷ್ಯರದ್ದಲ್ಲ."

ಅಜ್ಜಿ ಹೇಳಿದ್ದು ಸುಳ್ಳಲ್ಲ. ವರ್ಷದ ಮೊದಲ ಹುಣ್ಣಿಮೆಗೆ ಪ್ರತಿಯೊಬ್ಬರೂ ನಡುವೆ ತೂತಿರುವ ಗಾಳಿಪಟದ ಮೇಲೆ ತಮ್ಮ ಹೆಸರು, ಹುಟ್ಟಿದ ದಿನ ಬರೆದು, 'ಕೇಡು ತೊಲಗಲಿ' ಎಂದು ಸೇರಿಸಿ, ಮೇಲೇರಿಸಿ ದಾರ ಕತ್ತರಿಸುತ್ತಾರೆ. ವರ್ಷದ ಕೇಡೆಲ್ಲ ಅದರ ಜೊತೆ ಹೋಗುತ್ತದೆ. ಎಲ್ಲಾದರೂ ಬಿದ್ದಿರುವುದು ಕಂಡರೆ ನಾಯಿಯೂ ಮೂಸುವುದಿಲ್ಲ, ಮುಟ್ಟಿದವರಿಗೆ ಅಂಟುತ್ತದೆಂದು. ಆಮೇಲೆ ಮುಂದಿನ ಚಳಿಗಾಲದವರೆಗೆ ಯಾರೂ ದಾರ ಮುಟ್ಟುವಂತಿಲ್ಲ.

ಹುಣ್ಣಿಮೆ ನಿನ್ನೆಯೇ ಮುಗಿದಿತ್ತು.

ಹಾಗಾದರೆ ಯಾರದೋ ಕೇಡು ತಿರುಗಿ ಬಂದಿದೆ...

ಮರುದಿನ ಚಂದ್ರ ಹುಟ್ಟುವ ಹೊತ್ತಿಗೆ ದ್ವೀಪಕ್ಕೆ ದ್ವೀಪವೇ ಶಾಲೆಯ ಅಂಗಳದಲ್ಲಿತ್ತು. ನೂರ ಹನ್ನೆರಡು ಜನ, ಹದಿನಾಲ್ಕು ನಾಯಿ. ಸಮುದ್ರದ ಮೀನುಗಳೂ ತಲೆಯೆತ್ತಿ ನೋಡಿದವಂತೆ. ಪೂರ್ವದ ತುದಿಯ ದೀಪಸ್ತಂಭದ ಹಿಂದಿನಿಂದ ಚಂದ್ರ ಎದ್ದ. ಒಕ್ಕಣ್ಣೂ ಎದ್ದಿತು. ಮೀನುಗಾರರು ಒಬ್ಬೊಬ್ಬರಾಗಿ ಇಣುಕಿ, ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡರು. ಆಮೇಲೆ ಎಲ್ಲರೂ ದಲ್ಲೆಯ ಕಡೆ ತಿರುಗಿದರು.

ಅವಳಿಗೆ ಗೊತ್ತಿತ್ತು ಯಾಕೆಂದು. ಅವಳನ್ನು ಮದುವೆಯಾಗಬೇಕಿದ್ದವನು ಐದು ವರ್ಷದ ಹಿಂದೆ ದೋಣಿ ಸಮೇತ ಮುಳುಗಿದ್ದ. ಎರಡನೆಯ ಸಂಬಂಧ ಕುದುರಿದ ವಾರವೇ ಆ ಹುಡುಗ ಮಾಡಿನಿಂದ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಪ್ರತಿ ವರ್ಷದ ಮೊದಲ ಹುಣ್ಣಿಮೆಗೂ ಅವಳು ಗಾಳಿಪಟ ಬಿಟ್ಟಳು. ಪ್ರತಿ ವರ್ಷವೂ ಹೆಂಗಸರು ಅವಳನ್ನು ಕಂಡು ಗಂಡುಮಕ್ಕಳನ್ನು ಒಳಗೆ ಕರೆದುಕೊಂಡರು.

ಅವರೆಲ್ಲರಿಗಿಂತ ಹೆಚ್ಚು ನೋಯಿಸಿದವನು ಗಿತೇ. ದೀಪಸ್ತಂಭದ ಕಾವಲುಗಾರ. ಅವನು ನಕ್ಕರೆ ಹಡಗುಗಳಿಗೆ ದೀಪ ಬೇಡ ಎನ್ನುತ್ತಿದ್ದರು ಜನ, ಅಂಥ ನಗು. ಮೊದಲೆಲ್ಲ ಶಾಲೆಗೆ ಒಣಮೀನು ತಂದುಕೊಟ್ಟು ಮಕ್ಕಳೊಡನೆ ಕೂತು ಹರಟುತ್ತಿದ್ದವನು, ನಾಲ್ಕು ವರ್ಷದಿಂದ ಅವಳನ್ನು ಕಂಡರೆ ದಾರಿಯನ್ನೇ ಬದಲಿಸುತ್ತಿದ್ದ. ಹೆದರಿದ್ದಾನೆ... ಅವನೂ ಎಲ್ಲರ ಹಾಗೆಯೇ ಎಂದುಕೊಂಡಿದ್ದಳು. ಯಾರಿಗೂ ಹೇಳದೆ ಅವನನ್ನು ಪ್ರೀತಿಸಿದ್ದಳು. ಯಾರಿಗೂ ಹೇಳದೆ ವರ್ಗಾವಣೆಯ ಅರ್ಜಿ ಬರೆದಿದ್ದಳು. ಆದರೆ ಆ ಅರ್ಜಿಯ ಸುದ್ದಿ ಅವಳಿಗಿಂತ ಮೊದಲೇ ಊರು ಸುತ್ತಿತ್ತು. ಶನಿವಾರದ ದೋಣಿಗೆ ಅರ್ಜಿಯೂ ಹೋಗುತ್ತದೆ, ಅವಳೂ ಹೋಗುತ್ತಾಳೆ ಎಂದು.

ಮೂರನೆಯ ರಾತ್ರಿ ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದಲ್ಲೆ ಒಬ್ಬಳೇ ನಿಂತಳು. ಹಲ್ಲು ಕಟಕಟ ಅನ್ನುತ್ತಿತ್ತು. ಹೋಗುವ ಮುಂಚೆ ಇದೇನೆಂದು ನೋಡಿಯೇ ಹೋಗುತ್ತೇನೆ ಎಂಬ ಹಟ ಮಾತ್ರ ಕಾಲು ಕೀಳಲು ಬಿಡಲಿಲ್ಲ.

ಅದು ಬಂತು. ಅಂಚು ಮಸುಕು ಮಸುಕು.

ಚಂದ್ರ ಇಷ್ಟು ಚೊಕ್ಕವಾಗಿ ಕಾಣುವಾಗ ಇದೇಕೆ ಮಸುಕು?

ಅವಳು ದುರ್ಬೀನಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಚಂದ್ರ ಕದಡಿಹೋದ, ಒಕ್ಕಣ್ಣು ಕತ್ತರಿಸಿಟ್ಟ ಹಾಗೆ ಸ್ಪಷ್ಟವಾಯಿತು. ಚಂದ್ರನಷ್ಟು ದೂರದ್ದಲ್ಲ ಇದು... ಹತ್ತಿರದ್ದು. ದೀಪಸ್ತಂಭದಷ್ಟು ಹತ್ತಿರದ್ದು! ನೋಡುತ್ತಿದ್ದಂತೆ ಅದು ಕೆಳಗೆ ಕುಸಿಯಿತು, ಥಟ್ಟನೆ ಮೇಲೆದ್ದಿತು. ಮತ್ತೆ ಕುಸಿಯಿತು, ಮತ್ತೆ ಎದ್ದಿತು. ಬಾಲ್ಯವೆಲ್ಲ ಗಾಳಿಪಟದ ದಾರಕ್ಕೆ ಬೆರಳು ಕೊಯ್ದುಕೊಂಡವಳಿಗೆ ಆ ನಡೆ ಗೊತ್ತಾಗದೆ? ಕೆಳಗೆ ಯಾರೋ ದಾರ ಜಗ್ಗುತ್ತಿದ್ದರು.

ಆಮೇಲೆ ದಾರ ಕಡಿದರು. ಅದು ಹೊರಳುತ್ತಾ ತೆರೆದ ಕಡಲಿನ ಮೇಲೆ ಹೋಯಿತು.

ಬೆಳಗಾಗುತ್ತಲೇ ಅವಳು ಗುಡ್ಡ ಹತ್ತಿ ಇಳಿದಳು. ದೀಪಸ್ತಂಭದ ಉಗ್ರಾಣದ ಬಾಗಿಲು ತೆರೆದಿತ್ತು. ಗೋಡೆಗೆ ಆನಿಸಿದ್ದ ಗಾಳಿಪಟವೊಂದನ್ನು ಗಿತೇ ಅಂಟು ಹಚ್ಚಿ ಸರಿಪಡಿಸುತ್ತಿದ್ದ. ಅದರ ಮೇಲೆ ಅವಳದೇ ಅಕ್ಷರ, ಅವಳದೇ ಹೆಸರು, ಅವಳದೇ ಹುಟ್ಟಿದ ದಿನ. ಈ ವರ್ಷದ್ದು.

ದಲ್ಲೆಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೇಡು ತನ್ನನ್ನು ಬಿಡದಿರಲು ಕಾರಣ ಇವನೇ! ಬಾಯಿಗೆ ಬಂದದ್ದೆಲ್ಲ ಅಂದಳು. ತಾನೇನು ಅನ್ಯಾಯ ಮಾಡಿದ್ದೆ, ತೊಲಗಿದ್ದನ್ನು ಹಿಡಿದಿಟ್ಟುಕೊಂಡು ಆಡಿಸುವುದಕ್ಕೆ ಎಂದು ಕೇಳಿದಳು. ಅವನು ಗೋಡೆಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದ.

"ಹತ್ತಿರ ಬರ್ಬೇಡಿ, ಟೀಚರ್. ವಾಪಸ್ ನಿಮಗೇ ಅಂಟಿಬಿಡುತ್ತೆ."

"ಏನು ಅಂಟೋದು?"

ಅವನು ತಡವರಿಸುತ್ತಾ ಹೇಳಿದ. ಊರಿನ ಕಡೆಯಿಂದ ಬಿಟ್ಟ ಗಾಳಿಪಟಗಳಲ್ಲಿ ಕೆಲವು ಕಡಲು ಮುಟ್ಟುವುದೇ ಇಲ್ಲ, ದೀಪಸ್ತಂಭದ ಹಿಂದಿನ ಪೈನ್ ಮರಗಳಿಗೆ ಸಿಕ್ಕಿಕೊಳ್ಳುತ್ತವೆ. ನಾಲ್ಕು ವರ್ಷದ ಹಿಂದೆ ಅವಳದೂ ಸಿಕ್ಕಿತ್ತು. ಅಲ್ಲೇ ಬಿಟ್ಟರೆ ಕೇಡು ದ್ವೀಪದಲ್ಲೇ ಉಳಿಯುತ್ತದೆ, ಅವಳನ್ನೇ ಹುಡುಕುತ್ತದೆ. ಅದಕ್ಕೇ ಮರ ಹತ್ತಿ ಇಳಿಸಿಕೊಂಡ. ಪ್ರತಿ ವರ್ಷವೂ.

"ಗೊತ್ತಿದ್ದೂ ಮುಟ್ಟಿದ್ರಾ?"

"ನನ್ನ ಹತ್ರ ಇದ್ರೆ ನಿಮ್ಮ ಹತ್ರ ಬರಲ್ಲ ಅಂತ..."

ಅವನ ಎಡಗೈಯ ಎರಡು ಬೆರಳು ಸೊಟ್ಟಗಿದ್ದವು. ಹುಬ್ಬಿನ ಮೇಲೆ ಹೊಲಿಗೆ. ಕಾಲು ಸ್ವಲ್ಪ ಎಳೆಯುತ್ತಿತ್ತು. ದಲ್ಲೆ ಒಂದೊಂದನ್ನೇ ಎಣಿಸಿದಳು. ಅದನ್ನೆಲ್ಲ ಎಣಿಸಬೇಡಿ, ತಾನು ಹುಟ್ಟಾ ಎಡವಟ್ಟ, ತೊಟ್ಟಿಲಿಂದಲೇ ಹದಿನಾರು ಸಲ ಬಿದ್ದವನು ಎಂದ ಅವನು. ಅವಳು ನಗಲಿಲ್ಲ.

"ಹಾಗಾದ್ರೆ ಈಗ್ಯಾಕೆ ಬಿಟ್ರಿ?"

"ನೀವು ಊರು ಬಿಡ್ತೀರಂತೆ. ಅದು ನಿಮ್ಮ ಹಿಂದೇನೇ ಬಂದ್ರೆ? ಈ ತುದಿಯಿಂದ ಬಿಟ್ರೆ ಗಾಳಿ ನೇರ ಕಡಲಿಗೆ ಒಯ್ಯುತ್ತೆ. ಹಳೇ ನಾಲ್ಕನ್ನೂ ಈ ಮೂರು ರಾತ್ರಿಯಲ್ಲಿ ಕಳಿಸಿದೆ. ಇದೊಂದು ಉಳಿದಿದೆ. ಇದೂ ಹೋದ್ರೆ... ಹೋದ ಊರಲ್ಲಿ ಯಾರನ್ನಾದ್ರೂ ಮದುವೆಯಾಗಿ, ಟೀಚರ್. ಹೆದರ್ಬೇಡಿ."

ಹೊರಗೆ ಗಾಳಿ ಊಳಿಡುತ್ತಿತ್ತು. ಗೋಡೆಯ ಮೇಲಿನ ಆ ಒಕ್ಕಣ್ಣು ಇಬ್ಬರನ್ನೂ ನೋಡುತ್ತಿತ್ತು. ನಾಲ್ಕು ವರ್ಷ ತನ್ನ ಸಾವನ್ನು ತಲೆದೆಸೆಯಲ್ಲಿಟ್ಟು ಮಲಗಿದ್ದಾನೆ ಈ ಮನುಷ್ಯ. ನಾನು ಅವನನ್ನು ಹೇಡಿ ಅಂದುಕೊಂಡಿದ್ದೆ...

ದಲ್ಲೆ ಮುಂದೆ ಬಂದು ಗಾಳಿಪಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವನು ಬೆಚ್ಚಿ ಕೈ ಚಾಚಿದ. ಆ ಸೊಟ್ಟ ಬೆರಳುಗಳನ್ನು ಅವಳು ಹಿಡಿದೇಬಿಟ್ಟಳು.

ಆಕಾಶ ಕಳಚಿ ಬೀಳಲಿಲ್ಲ. ಒಂದು ಕಡಲಹಕ್ಕಿ ಮಾತ್ರ ಕೂಗಿತು.

"ಇದನ್ನ ಕತ್ತಲಲ್ಲಿ ಬಿಡೋದು ಬೇಡ," ಎಂದಳು. "ಈಗಲೇ, ಹಗಲಲ್ಲೇ, ಊರೆಲ್ಲ ನೋಡೋ ಹಾಗೆ ಬಿಡೋಣ. ಜನ ಪಾಪ ಮೂರು ರಾತ್ರಿಯಿಂದ ನಿದ್ದೆ ಮಾಡಿಲ್ಲ."

"ಹುಣ್ಣಿಮೆ ಆದ್ಮೇಲೆ ಹಾರಿಸಿದ್ರೆ ನನ್ನನ್ನ ಮೂರೂ ಬಿಟ್ಟವನು ಅಂತಾರೆ, ಟೀಚರ್."

"ಅನ್ಲಿ. ಮೂರೂ ಬಿಟ್ಟವನ ಹೆಂಡ್ತಿ ಅಂತ ನನಗೂ ಅಂತಾರೆ."

ಗಿತೇ ಬೆರಳು ಬಿಡಿಸಿಕೊಂಡು ಬಾಗಿಲವರೆಗೆ ಹಿಂದೆ ಸರಿದ.

"ಗಾಳಿ ಜಾಸ್ತಿ ಇದೆ... ಈಗ ಏನಂದ್ರಿ?"

"ಅಷ್ಟು ದೂರ ನಿಂತ್ರೆ ಏನು ಕೇಳಿಸುತ್ತೆ?" ಎಂದಳು ದಲ್ಲೆ. "ಹತ್ತಿರ ಬನ್ನಿ, ಇನ್ನೊಂದ್ಸಲ ಹೇಳ್ತೀನಿ."